ಪಡಸಾಲೆಗೆ ಬಂದ ಇಸವಿಗಳು

ಇಸವಿ ಅಂದರೆ ನಮ್ಮ ಕಾಲದಲ್ಲಿ ಬಾಯಿಪಾಠ. ಮಗ್ಗಿಯ ಹಾಗೆ ಒಪ್ಪಿಸಿದರೆ ಮುಗಿಯಿತು. ಒಂದು ಇಸವಿಯಿಂದ ಇನ್ನೊಂದು ಎಷ್ಟು ದೂರ ಎಂದು ಯಾರೂ ಕೇಳುತ್ತಿರಲಿಲ್ಲ. ಬೈಲಹೊಂಗಲ ಸೀಮೆಯ ಶಾಲೆಯೊಂದರಲ್ಲಿ ಏಳನೇ ತರಗತಿಗೆ ಇತಿಹಾಸ ಹೇಳತೊಡಗಿದ ಮೇಲೆ ನನಗೆ ಆ ದೂರದ ಹುಚ್ಚು ಹಿಡಿಯಿತು. ಡ್ರಾಯಿಂಗ್ ಹಾಳೆಗಳನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ, ಅಂಟು ಹಚ್ಚಿ ಜೋಡಿಸಿ, ವರ್ಷಕ್ಕೊಂದು ಸೆಂಟಿಮೀಟರಿನಂತೆ ಕಾಲರೇಖೆ ಎಳೆದೆವು. ಸವದತ್ತಿಯ ರಟ್ಟರ 980ರ ಶಾಸನದಿಂದ ಹೊರಟರೆ ಇಂದಿಗೆ ಹತ್ತು ಮೀಟರ್ ದಾಟುತ್ತದೆ. ತರಗತಿಯ ಗೋಡೆ ಸಾಲದೆ ರೇಖೆ ಪಡಸಾಲೆಗೆ ಬಂತು.

ಕಿತ್ತೂರಿನ ಯುದ್ಧದಿಂದ ನಮ್ಮವರೆಗೆ ಉಳಿದದ್ದು ಬರೀ ಎರಡು ಮೀಟರ್. “ಚೆನ್ನಮ್ಮ ನಮಗ ಇಷ್ಟ ಹತ್ರ ಅದಾಳೇನ್ರಿ ಸರ್?” ಎಂದಳು ಒಬ್ಬಳು. 1824ರ ಅಕ್ಟೋಬರ್ 23ರಂದು ಕಲೆಕ್ಟರ್ ಥ್ಯಾಕರೆ ಬಿದ್ದ. ಡಿಸೆಂಬರ್ ಮೊದಲ ವಾರದಲ್ಲಿ ಕೋಟೆಯೇ ಬಿತ್ತು. ನಡುವಿನ ಅಂತರ ಸ್ಕೆಚ್ ಪೆನ್ನಿನ ಗೆರೆಯ ದಪ್ಪ. ಕಿತ್ತೂರು ಉತ್ಸವ ನಡೆಯುವುದು ಆ ಗೆರೆಯ ಒಂದು ಅಂಚಿಗೆ ಮಾತ್ರ. 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ರಾಣಿಯ ಸಾವು, 1831ರ ಜನವರಿ 26ರಂದು ನಂದಗಡದಲ್ಲಿ ರಾಯಣ್ಣನಿಗೆ ಗಲ್ಲು: ಎಲ್ಲವೂ ಒಂದು ಮುಷ್ಟಿಯಡಿ ಮುಚ್ಚಿಹೋಗುತ್ತದೆ. ಸೋದರಮಾವನ ಊರು ರಾಮದುರ್ಗವೆಂದು ಒಬ್ಬ ಹಟ ಹಿಡಿದು 1939ರ ಅಲ್ಲಿನ ದಂಗೆಯನ್ನೂ ಬರೆಸಿದ.

ಕಾಲರೇಖೆ ಎಳೆಯುವ ಈ ಕಸುಬಿಗೆ ಹಿರಿಯನೊಬ್ಬನಿದ್ದಾನೆ. ಆಮ್ಲಜನಕದ ಪಾಠದಲ್ಲಿ ಬರುವ ಜೋಸೆಫ್ ಪ್ರೀಸ್ಟ್ಲಿ ಇಂಗ್ಲೆಂಡಿನ ವಾರಿಂಗ್ಟನ್ನಿನಲ್ಲಿ ಮೇಷ್ಟರಾಗಿದ್ದಾಗ, 1765ರಲ್ಲಿ, ಸುಮಾರು ಎರಡು ಸಾವಿರ ಜನರ ಬದುಕನ್ನು ಒಂದೇ ನಕ್ಷೆಯಲ್ಲಿ ಗೆರೆಗೆರೆಯಾಗಿ ಮಲಗಿಸಿದ. ಹುಟ್ಟು ಸಾವು ಖಚಿತವಿಲ್ಲದ ಕಡೆ ಬರೀ ಚುಕ್ಕಿ. ಆ ಚುಕ್ಕಿ ನನಗೆ ಬಹಳ ಹಿಡಿಸಿತು. ನಮ್ಮಜ್ಜಿಗೆ ಇಸವಿಯೇ ಬೇಕಿರಲಿಲ್ಲ. ಎಲ್ಲವೂ “ನವಿಲುತೀರ್ಥದ ಆಣೆಕಟ್ಟಿಗಿಂತ ಮೊದಲ” ಇಲ್ಲವೆ “ಆಮ್ಯಾಲೆ”. ಮಕ್ಕಳು ತಮ್ಮ ಅಜ್ಜಿಯರನ್ನೂ ಚುಕ್ಕಿ ಹಾಕಿ ರೇಖೆಗೆ ಸೇರಿಸಿದರು. ಪರೀಕ್ಷೆಗೆ ಬರುವುದಿಲ್ಲ, ನಿಜ.

ತಕರಾರು ಎದ್ದದ್ದು ವಾಲ್ಟರ್ ಎಲಿಯಟ್‌ನಿಂದ. ಕಿತ್ತೂರಿನವರು ಗೆರೆಯ ಮೇಲೆ, ಕಂಪನಿಯವರು ಕೆಳಗೆ ಎಂದು ಮಕ್ಕಳೇ ಕಟ್ಟಳೆ ಮಾಡಿಕೊಂಡಿದ್ದರು. ಥ್ಯಾಕರೆಯ ಕೈಕೆಳಗಿನ ಎಲಿಯಟ್ ಅಂದು ಚೆನ್ನಮ್ಮನ ಕೈಗೆ ಸೆರೆಸಿಕ್ಕವನು. ಕೊಲ್ಲದೆ ಇಟ್ಟುಕೊಂಡು, ಕೊನೆಗೆ ಬಿಟ್ಟುಕೊಟ್ಟರು. ಅದೇ ಮನುಷ್ಯ ಮುಂದೆ ಕನ್ನಡ ಸೀಮೆಯ ಐನೂರಕ್ಕೂ ಹೆಚ್ಚು ಶಾಸನಗಳನ್ನು ನಕಲು ಮಾಡಿಸಿ ಸಂಗ್ರಹಿಸಿದ. ನಮ್ಮ ರೇಖೆಯ ಹಳೇ ತುದಿ ಅಂಥ ಕಲ್ಲುಗಳಿಂದಲೇ ಹುಟ್ಟಿದ್ದು.

“ಕೆಳಗ ಇರ್ಲಿ, ಕಂಪನಿಯಾಂವ” ಎಂದಿತು ಹುಡುಗರ ಗುಂಪು. ಹಿಂದಿನ ಬೆಂಚಿನ ಹುಡುಗಿ ಸ್ಕೆಚ್ ಪೆನ್ ಕಸಿದುಕೊಂಡು ಎದ್ದಳು: “ಎರಡೂ ಕಡೆ ಬರೀಬೇಕ್ರಿ ಸರ್, ವರ್ಷ ಬ್ಯಾರೆ ಬ್ಯಾರೆ ಅದಾವಲ್ಲ.”