ಬಸ್ಸಿನ ದರವೂ ನಮ್ಮ ಮನೆಯೂ

ನಮ್ಮ ಶಾಲೆಯ ಈ ಸ್ಮರಣ ಸಂಚಿಕೆಗೆ ಏನಾದರೊಂದು ಲೇಖನವನ್ನು ಬರೆದು ಕಳುಹಿಸಬೇಕೆಂದು ಸಂಪಾದಕಿಯರು ಕೇಳಿದಾಗ, ಶಾಲೆಯ ದಿನಗಳ ಸವಿನೆನಪುಗಳನ್ನು ಬರೆಯುವುದೇ ಉಚಿತವೆಂದು ಮೊದಲು ಎಣಿಸಿದೆನು. ಆದರೆ ಆ ದಿನಗಳನ್ನು ನೆನೆಯಹೊರಟಾಗಲೆಲ್ಲ ನನ್ನ ಮನಸ್ಸು ತರಗತಿಯ ಕೋಣೆಯನ್ನು ತಲಪುವುದಕ್ಕೆ ಮೊದಲೇ ದಾರಿಯಲ್ಲಿ, ಬಸ್ಸಿನ ಮೆಟ್ಟಿಲ ಮೇಲೆ, ನಿಂತುಬಿಡುವುದು. ಆದುದರಿಂದ ಬಸ್ಸಿನ ದರ ಏರುವುದೆಂಬ ತೀರ ಸಾಮಾನ್ಯವಾದ ವಿಷಯವನ್ನೇ ಆರಿಸಿಕೊಂಡಿರುವೆನು. ಸೋದರಿಯರೂ ಹೆತ್ತವರೂ ಮನ್ನಿಸಬೇಕು.

2025ರ ಜನವರಿ 5ರಿಂದ ಕರ್ನಾಟಕದ ನಾಲ್ಕು ಸರಕಾರೀ ಸಾರಿಗೆ ನಿಗಮಗಳ ಬಸ್ಸುಗಳಲ್ಲಿ ದರವು ನೂರಕ್ಕೆ 15ರಂತೆ ಏರಿತೆಂಬ ವಾರ್ತೆಯನ್ನು ಓದಿದ ದಿನ, ಪತ್ರಿಕೆಯನ್ನು ಮಡಿಸಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆನು. ಐವತ್ತು ವರ್ಷಗಳ ಹಿಂದಿನ ಒಂದು ಮಳೆಗಾಲವು ನನ್ನ ಕಣ್ಣ ಮುಂದೆ ಬಂದಿತು.

ಆಗ ನಮ್ಮ ಮನೆಯು ಮಂಗಳೂರಿನಿಂದ ನೇತ್ರಾವತಿಯ ಸೇತುವೆಯನ್ನು ದಾಟಿ, ತೊಕ್ಕೊಟ್ಟಿನಿಂದ ತುಸು ಒಳಗೆ ಇದ್ದಿತು. ತಂದೆಯವರು ನದಿಯ ದಂಡೆಯ ಒಂದು ಹಂಚಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು. ಮಂಗಳೂರು ಹಂಚೆಂದು ಲೋಕವೆಲ್ಲ ಕೊಂಡಾಡುವ ಆ ಹಂಚನ್ನು 1865ರಲ್ಲಿ ಬಾಸೆಲ್ ಮಿಶನ್ನಿನವರು ಜೆಪ್ಪುವಿನಲ್ಲಿ ಮಾಡತೊಡಗಿದ ಮೇಲೆ, ನಮ್ಮ ನದಿಗಳ ಜೇಡಿಮಣ್ಣು ಎಷ್ಟೋ ಸಂಸಾರಗಳಿಗೆ ಅನ್ನವನ್ನು ಕೊಟ್ಟಿದೆ. ಆದರೂ ತಂದೆಯವರ ತಿಂಗಳ ಸಂಬಳವು ನೂರೈವತ್ತು ರೂಪಾಯಿಯನ್ನು ದಾಟುತ್ತಿರಲಿಲ್ಲ. ತಾಯಿಯವರು ಮನೆಯಲ್ಲಿ ಬೀಡಿ ಕಟ್ಟುತ್ತಿದ್ದರು. ಗೆರಸೆಯನ್ನು ಮಡಿಲಲ್ಲಿಟ್ಟುಕೊಂಡು, ಎಲೆಯನ್ನು ಕತ್ತರಿಸಿ, ಹೊಗೆಸೊಪ್ಪಿನ ಪುಡಿಯನ್ನು ತುಂಬಿ, ನೂಲು ಸುತ್ತಿ, ಸಾವಿರ ಬೀಡಿ ಮಾಡಿದರೆ ಸುಮಾರು ಮೂರು ರೂಪಾಯಿ ಸಿಕ್ಕುತ್ತಿತ್ತು. ನಾವು ಮೂವರು ಮಕ್ಕಳು: ಅಕ್ಕ, ನಾನು, ತಮ್ಮ. 1974ನೆಯ ಇಸವಿಯಲ್ಲಿ ಅಕ್ಕನು ಒಂಬತ್ತನೆಯ ತರಗತಿಯಲ್ಲಿದ್ದಳು. ನಾನು ಆಗತಾನೆ ಎಂಟನೆಯ ತರಗತಿಗೆ ಸೇರಿದ್ದೆನು.

ಆ ಹಿಂದಿನ ವರುಷದ ಅಕ್ಟೋಬರಿನಲ್ಲಿ ಪಶ್ಚಿಮ ಏಷ್ಯದಲ್ಲಿ ಯುದ್ಧವಾಗಿ, ಒಂದು ಪೀಪಾಯಿ ಕಚ್ಚಾ ಎಣ್ಣೆಯ ಬೆಲೆಯು ಸುಮಾರು ಮೂರು ಡಾಲರುಗಳಿಂದ 1974ರ ಜನವರಿಯ ಹೊತ್ತಿಗೆ ಹನ್ನೆರಡು ಡಾಲರುಗಳ ಸಮೀಪಕ್ಕೆ ಏರಿದ್ದಿತು. ಇದನ್ನು ನಾನು ತಿಳಿದುದು ಎಷ್ಟೋ ವರ್ಷಗಳ ತರುವಾಯ. ಆಗ ನಮಗೆ ತಿಳಿದುದು ಇಷ್ಟೇ: ಶಾಲೆ ತೆರೆದ ಕೆಲವು ದಿನಗಳಲ್ಲಿ ನಮ್ಮ ಬಸ್ಸಿನ ಟಿಕೆಟು ಇಪ್ಪತ್ತು ಪೈಸೆ ಇದ್ದುದು ಇಪ್ಪತ್ತೈದು ಪೈಸೆಯಾಯಿತು. ಐದು ಪೈಸೆಯೆಂದರೆ ನಾಲ್ಕು ಮೂಲೆಯ ಒಂದು ಸಣ್ಣ ಅಲ್ಯೂಮಿನಿಯಂ ನಾಣ್ಯ. ಊದಿದರೆ ಹಾರಿಹೋಗುವುದೋ ಎಂಬಷ್ಟು ಹಗುರವಾದುದು.

ಅದೇ ತಿಂಗಳಲ್ಲಿ ನನಗೆ ಹನ್ನೆರಡು ವರ್ಷಗಳು ತುಂಬಿದುವು. ಹನ್ನೆರಡು ತುಂಬುವ ತನಕ ಅರ್ಧ ಟಿಕೆಟು, ಆಮೇಲೆ ಪೂರ್ತಿ. ನಾನು ಮೈಯಲ್ಲಿ ಚಿಕ್ಕವಳಾಗಿದ್ದುದರಿಂದ ಯಾರೂ ಸಂಶಯಪಡುತ್ತಿರಲಿಲ್ಲ. ಆದರೆ ಒಂದು ಬೆಳಿಗ್ಗೆ ಕಂಡಕ್ಟರನು ಟಿಕೆಟು ಹರಿಯುತ್ತ, “ವರ್ಷವೆಷ್ಟು?” ಎಂದು ಕೇಳಿದನು. “ಹನ್ನೆರಡು ತುಂಬಿತು” ಎಂದೆನು. ಪಕ್ಕದಲ್ಲಿದ್ದ ಮೀನಿನ ಬುಟ್ಟಿಯ ಹೆಂಗಸು, “ಹನ್ನೊಂದು ಎನ್ನಬಾರದೇ ಮಗಳೇ?” ಎಂದು ಮೆಲ್ಲಗೆ ಹೇಳಿದಳು. ಅಕ್ಕನು ಮಾತಾಡದೆ ತನ್ನ ಸಂಜೆಯ ಹಣದಿಂದ ಮಿಕ್ಕ ಪೈಸೆಗಳನ್ನು ತೆತ್ತಳು. ಆ ಸಂಜೆ ನಾವಿಬ್ಬರೂ ಸೇತುವೆಯ ಮೇಲಿಂದ ನಡೆದೇ ಮನೆಯನ್ನು ಸೇರಿದೆವು. ನಡೆದ ಸಂಗತಿಯನ್ನು ಕೇಳಿ ತಾಯಿಯವರು, “ನೀನು ಹೇಳಿದ್ದೇ ಸರಿ” ಎಂದರು. ಗೆರಸೆಯನ್ನು ದೀಪದ ಹತ್ತಿರಕ್ಕೆ ಎಳೆದುಕೊಂಡರು. ಆ ರಾತ್ರಿ ಬಹಳ ಹೊತ್ತಿನ ತನಕ ಎಲೆಯನ್ನು ಕತ್ತರಿಸುವ ಸದ್ದು ಕೇಳುತ್ತಿತ್ತು.

ಮರುದಿನ ತಂದೆಯವರು, “ಲೆಕ್ಕವನ್ನು ನೋಡೋಣ” ಎಂದರು. ಅಕ್ಕನಷ್ಟು ಲೆಕ್ಕದಲ್ಲಿ ಚುರುಕಾದವರು ನಮ್ಮಲ್ಲಿ ಯಾರೂ ಇರಲಿಲ್ಲ. ಗಣಿತದಲ್ಲಿ ಅವಳಿಗೆ ತರಗತಿಯಲ್ಲಿಯೇ ಮೊದಲ ಸ್ಥಾನ. ಆದುದರಿಂದ ಸ್ಲೇಟನ್ನು ಹಿಡಿದವಳೂ ಅವಳೇ. ಮೊದಲು ಅವಳಿಗೆ ದಿನಕ್ಕೆ ನಲವತ್ತು ಪೈಸೆ, ನನಗೆ ಇಪ್ಪತ್ತು, ಒಟ್ಟು ಅರುವತ್ತು. ಈಗ ಇಬ್ಬರಿಗೂ ಐವತ್ತೈವತ್ತು, ಒಟ್ಟು ಒಂದು ರೂಪಾಯಿ. ತಿಂಗಳಲ್ಲಿ ಇಪ್ಪತ್ತನಾಲ್ಕು ದಿನಗಳೆಂದರೆ ಇಪ್ಪತ್ತನಾಲ್ಕು ರೂಪಾಯಿ. ಅಂದರೆ ತಂದೆಯವರ ಸಂಬಳದಲ್ಲಿ ಸುಮಾರು ಆರರಲ್ಲಿ ಒಂದು ಪಾಲು. ತಾಯಿಯವರು ಹಣದಲ್ಲಿ ಎಣಿಸುವವರಲ್ಲ, ಬೀಡಿಯಲ್ಲಿ ಎಣಿಸುವವರು. ಹೆಚ್ಚಾದ ನಲವತ್ತು ಪೈಸೆಗೆ ಪ್ರತಿದಿನವೂ ನೂರಮೂವತ್ತಕ್ಕಿಂತ ಹೆಚ್ಚು ಬೀಡಿ ಕಟ್ಟಬೇಕೆಂದು ಅವರೇ ಹೇಳಿದರು.

ನಾವು ಒಂದು ಉಪಾಯವನ್ನು ಹೂಡಿದೆವು. ಬಸ್ಸಿನ ದರವು ಹಂತ ಹಂತವಾಗಿ ಏರುವುದಷ್ಟೆ. ಕಂಕನಾಡಿಯಲ್ಲಿ ಇಳಿದುಬಿಟ್ಟರೆ ಒಂದು ಹಂತವು ಕಡಮೆಯಾಗಿ ತಲೆಗೆ ಐದು ಪೈಸೆ ಉಳಿಯುತ್ತಿತ್ತು. ಅಲ್ಲಿಂದ ಬಲ್ಮಠದ ಗುಡ್ಡವನ್ನು ಹತ್ತಿ ನಡೆಯುವೆವು. ಜೂನ್ ಜುಲಾಯಿಗಳಲ್ಲಿ ನಮ್ಮ ಕರಾವಳಿಯ ಮಳೆಯು ಹೇಗೆ ಸುರಿಯುವುದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಇಬ್ಬರಿಗೂ ಒಂದೇ ಕೊಡೆ. ಪುಸ್ತಕಗಳನ್ನು ನಡುವೆ ಹಿಡಿದುಕೊಂಡು, ಹೊರಗಿನ ಒಂದೊಂದು ಭುಜವನ್ನು ಮಳೆಗೆ ಒಪ್ಪಿಸಿ ನಡೆದೆವು. ಒದ್ದೆ ಲಂಗದಲ್ಲಿ ಮೊದಲ ಎರಡು ಪಾಠಗಳನ್ನು ಕೇಳಿದೆವು. ಆಗಸ್ಟಿನಲ್ಲಿ ನನಗೆ ಜ್ವರ ಬಂದು ಹದಿನೈದು ದಿನ ಮಲಗಿದೆನು. ಔಷಧದ ಹಣವು ಉಳಿಸಿದ ಪೈಸೆಗಳನ್ನೆಲ್ಲ ನುಂಗಿ ಮೇಲಕ್ಕೂ ಹೋಯಿತು.

ದಸರೆಯ ರಜೆ ಮುಗಿದು ಶಾಲೆ ತೆರೆದ ಬೆಳಿಗ್ಗೆ ಅಕ್ಕನು ಶಾಲೆಯ ಉಡುಪನ್ನು ತೊಡಲಿಲ್ಲ. ತಾಯಿಯವರ ಎದುರಿಗೆ ಇನ್ನೊಂದು ಗೆರಸೆಯನ್ನು ಹಿಡಿದು ಕುಳಿತಿದ್ದಳು. “ನೀನು ಹೊರಡು, ಬಸ್ಸು ತಪ್ಪೀತು. ಕಂಕನಾಡಿಯಲ್ಲಿ ಇಳಿಯಬೇಡ, ಶಾಲೆಯ ತನಕ ಟಿಕೆಟು ತೆಗೆದುಕೊ” ಎಂದು ನನ್ನ ಅಂಗೈಯಲ್ಲಿ ಐವತ್ತು ಪೈಸೆಯ ನಾಣ್ಯವನ್ನಿಟ್ಟಳು. ಹಾಗೆ ಮಾಡೆಂದು ತಂದೆತಾಯಿಯರು ಅವಳಿಗೆ ಹೇಳಿರಲಿಲ್ಲ, ಮಾಡಬೇಡವೆಂದೂ ಹೇಳಲಿಲ್ಲ. ಆ ಲೆಕ್ಕವನ್ನು ಮಾಡಿದವಳೂ ಅಕ್ಕನೇ, ಅದರ ಉತ್ತರವನ್ನು ಹೊತ್ತವಳೂ ಅಕ್ಕನೇ. ನಾನು ಕಲಿತು ಉಪಾಧ್ಯಾಯಿನಿಯಾದೆನು.

ಇಷ್ಟನ್ನು ಓದಿ, ಬಸ್ಸಿನವರು ನಿರ್ದಯರೆಂದು ನಾನು ಹೇಳುತ್ತಿರುವೆನೆಂದು ಯಾರೂ ತಿಳಿಯಬಾರದು. ಏಕೆಂದರೆ ನಮ್ಮ ತಮ್ಮನು ದೊಡ್ಡವನಾಗಿ ಕಂಡಕ್ಟರನೇ ಆದನು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ನಗರದ ಖಾಸಗಿ ಬಸ್ಸುಗಳಲ್ಲಿ ಸೀಟಿಯೂದುತ್ತ, “ದುಂಬು ಪೋಲೆ, ದುಂಬು ಪೋಲೆ” ಎಂದು ಜನರನ್ನು ಮುಂದಕ್ಕೆ ಸರಿಸುತ್ತ ಬಾಳಿದನು. ದರ ಏರಿದಾಗಲೆಲ್ಲ ಜನರ ಬೈಗಳನ್ನು ಮೊದಲು ಕೇಳಿದವನು ಅವನೇ. ಒಂದು ಸಂಜೆ ನಾನೂ ಅವನನ್ನು ಕೆಣಕಿದಾಗ ಅವನು ಹೀಗೆ ಹೇಳಿದನು: “ಅಕ್ಕಾ, ಗಾಡಿಯು ನೀರು ಕುಡಿದು ಓಡುವುದಿಲ್ಲ. ಡೀಸೆಲು, ಟಯರು, ವಿಮೆ, ಮೂರು ತಿಂಗಳಿಗೊಮ್ಮೆ ತೆರಿಗೆ, ದುರಸ್ತಿ, ನಮ್ಮ ಕೂಲಿ, ಇವೆಲ್ಲ ಕಳೆದ ಮೇಲೆ ಯಜಮಾನನ ಕೈಗೆ. ದರವನ್ನು ಏರಿಸದಿದ್ದರೆ ಮೊದಲು ನಿಲ್ಲುವುದು ರಾತ್ರಿಯ ಕೊನೆಯ ಬಸ್ಸು, ಆಮೇಲೆ ಒಳದಾರಿಯ ಬಸ್ಸು. ಏರಿಸಿದರೋ, ಜನರು ಒಬ್ಬೊಬ್ಬರಾಗಿ ಸ್ಕೂಟರು ಕೊಳ್ಳುವರು. ಜನರು ಕಡಮೆಯಾದರೆ ಮತ್ತೆ ಏರಿಸಬೇಕು.” ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಸರಕಾರದ ನಿಗಮಗಳ ಸ್ಥಿತಿಯೂ ಇದಕ್ಕಿಂತ ಬೇರೆಯಲ್ಲ. 2025ರಲ್ಲಿ ದರವನ್ನು ಏರಿಸಿದಾಗ ಸರಕಾರವು ಕೊಟ್ಟ ಲೆಕ್ಕದಂತೆ, ನಾಲ್ಕು ನಿಗಮಗಳ ದಿನವೊಂದರ ಡೀಸೆಲು ವೆಚ್ಚವು ಹತ್ತು ವರ್ಷಗಳಲ್ಲಿ 9.16 ಕೋಟಿ ರೂಪಾಯಿಯಿಂದ 13.21 ಕೋಟಿಗೂ, ನೌಕರರ ವೆಚ್ಚವು 18.36 ಕೋಟಿಗೂ ಏರಿದ್ದಿತು. ಬೆಂಗಳೂರು ನಗರದ ಬಸ್ಸುಗಳಿಗಾದರೋ 2015ರ ಬಳಿಕ ಇದೇ ಮೊದಲ ಏರಿಕೆ. ಹತ್ತು ವರ್ಷಗಳ ಭಾರವನ್ನು ಒಂದೇ ದಿನ ಹೊರಿಸುವುದಕ್ಕಿಂತ, ಹೇಳಿಕೇಳಿ ಸ್ವಲ್ಪ ಸ್ವಲ್ಪವಾಗಿ ಹೊರಿಸುವುದು ಬಡವರಿಗೆ ಮೇಲಲ್ಲವೇ? ಮುಂದಾಗಿ ತಿಳಿದ ಖರ್ಚಿಗೆ ಮನೆಯಾಕೆಯು ಹೇಗಾದರೂ ದಾರಿಯನ್ನು ಹುಡುಕುವಳು. ಥಟ್ಟನೆ ಬಂದ ಖರ್ಚಿಗೆ ಮನೆಯಲ್ಲಿ ಯಾರಾದರೊಬ್ಬರು ಏನನ್ನಾದರೂ ಬಿಡಬೇಕಾಗುವುದು. ಹಾಗೆ ಬಿಡುವವಳು ಹೆಚ್ಚಾಗಿ ಹುಡುಗಿಯೇ.

2023ರ ಜೂನ್ 11ರಂದು ಶಕ್ತಿ ಯೋಜನೆಯು ಆರಂಭವಾಗಿ, ರಾಜ್ಯದ ಹೆಂಗಸರಿಗೂ ಹೆಣ್ಣುಮಕ್ಕಳಿಗೂ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟಿನ ಹಣವಿಲ್ಲವೆಂದಾದಾಗ ನನಗಾದ ಸಂತೋಷವು ಇಷ್ಟಿಷ್ಟಲ್ಲ. 2025ರ ಜುಲಾಯಿ 14ರ ಹೊತ್ತಿಗೆ ಅಂಥ ಪ್ರಯಾಣಗಳ ಸಂಖ್ಯೆಯು 500 ಕೋಟಿಯನ್ನು ಮುಟ್ಟಿತು. ಆದರೆ ನಮ್ಮ ಊರಿನ ಚರಿತ್ರೆಯು ಬೇರೆ. ಇಲ್ಲಿ 1914ರಲ್ಲಿಯೇ ಸಿ.ಪಿ.ಸಿ. ಎಂಬ ಖಾಸಗಿ ಕಂಪೆನಿಯು ಮೋಟಾರು ಸಾರಿಗೆಗೆ ಕೈಹಾಕಿತು. 1948ರಲ್ಲಿ ಮೈಸೂರು ಸರಕಾರವು 120 ಬಸ್ಸುಗಳೊಡನೆ ತನ್ನ ಸಾರಿಗೆ ಇಲಾಖೆಯನ್ನು ತೆರೆದಾಗ ನಮ್ಮ ಜಿಲ್ಲೆಯು ಮದ್ರಾಸು ಪ್ರಾಂತಕ್ಕೆ ಸೇರಿದ್ದಿತು. 1956ರ ನವೆಂಬರ್ 1ರಂದು ಕನ್ನಡನಾಡು ಒಂದಾದ ಮೇಲೆಯೂ ನಮ್ಮ ದಾರಿಗಳಲ್ಲಿ ಹೆಚ್ಚಾಗಿ ಖಾಸಗಿಯವರ ಬಸ್ಸುಗಳೇ ಓಡುತ್ತ ಬಂದುವು. ಸಮಯಕ್ಕೆ ಸರಿಯಾಗಿ, ಬೇಗಬೇಗನೆ, ಮೂಲೆಮೂಲೆಗೂ ಬಂದು ನಮ್ಮನ್ನು ಕರೆದೊಯ್ದ ಆ ಬಸ್ಸುಗಳ ಉಪಕಾರವನ್ನು ಮರೆಯಲಾಗದು. ಆದರೆ ಶಕ್ತಿ ಯೋಜನೆಯು ಅವುಗಳಿಗೆ ಅನ್ವಯಿಸುವುದಿಲ್ಲ. ಹೀಗಾಗಿ ಸರಕಾರೀ ಬಸ್ಸಿಲ್ಲದ ದಾರಿಯಿಂದ ಬರುವ ಹುಡುಗಿಯು ರಿಯಾಯಿತಿಯ ಪಾಸನ್ನು ಪಡೆದರೂ ಸಹ ಅಷ್ಟೋ ಇಷ್ಟೋ ಹಣವನ್ನು ಕೊಡಲೇಬೇಕು.

ಅಕ್ಕನ ಮೊಮ್ಮಗಳು ಅಂಥ ಒಂದು ದಾರಿಯಿಂದ ಕಾಲೇಜಿಗೆ ಹೋಗುತ್ತಿರುವಳು. ಮೊನ್ನೆ ನಾನು ಹೋದಾಗ ಅಕ್ಕನು ಮೊಮ್ಮಗಳ ತಿಂಗಳ ಬಸ್ಸಿನ ಹಣವನ್ನು ಕ್ಷಣಮಾತ್ರದಲ್ಲಿ ಬಾಯಲೆಕ್ಕದಿಂದ ಹೇಳಿ ಎಣಿಸಿ ಕೊಟ್ಟಳು. ಐವತ್ತು ವರ್ಷಗಳಿಂದ ಕೇಳಬೇಕೆಂದಿದ್ದು ಕೇಳದೆ ಉಳಿದಿದ್ದ ಮಾತನ್ನು ಆಗ ಕೇಳಿದೆನು: “ಅಕ್ಕಾ, ಆ ದಿನ ನೀನು ಶಾಲೆಯನ್ನು ಬಿಟ್ಟೆಯಲ್ಲ, ನನ್ನ ಮೇಲೆ ನಿನಗೆ ಬೇಸರವಾಗಲಿಲ್ಲವೇ?”

ಅವಳು ಸ್ವಲ್ಪ ಹೊತ್ತು ಯೋಚಿಸಿ ಹೇಳಿದಳು: “ನಿನ್ನ ಮೇಲೆ ಯಾಕೆ ಬೇಸರ? ಲೆಕ್ಕ ಸರಿಯಾಗಿಯೇ ಇತ್ತು. ದಿನಕ್ಕೆ ನಲವತ್ತು ಪೈಸೆ ಯಾರಾದರೂ ಕೊಡುತ್ತಿದ್ದರೆ ಬೇರೆ ಉತ್ತರ ಬರುತ್ತಿತ್ತು. ಆದರೆ ಕೇಳುವುದಾದರೂ ಯಾರಲ್ಲಿ? ಶಾಲೆಯಲ್ಲಿ ನಮ್ಮನ್ನು ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ.”

ಆ ಮಾತು ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ನಾನೂ ಮೂವತ್ತೈದು ವರ್ಷ ಹುಡುಗಿಯರಿಗೆ ಪಾಠ ಹೇಳಿದವಳು. ತಡವಾಗಿ ಬಂದವಳನ್ನು ಬಾಗಿಲಲ್ಲಿ ನಿಲ್ಲಿಸಿದ್ದೇನೆ. ಒದ್ದೆಯಾದ ಪುಸ್ತಕಕ್ಕಾಗಿ ಗದರಿಸಿದ್ದೇನೆ. ಆದರೆ, “ನೀನು ಹೇಗೆ ಬರುತ್ತೀ? ಬಸ್ಸಿಗೆ ಎಷ್ಟು ಕೊಡುತ್ತೀ?” ಎಂದು ಎಷ್ಟು ಮಂದಿಯನ್ನು ಕೇಳಿದೆನು? ಬೆರಳೆಣಿಕೆಯಷ್ಟು ಮಂದಿಯನ್ನು ಮಾತ್ರ. ಕೇಳಬೇಕಾದುದನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲ ನಾನೇ ಮರೆತಿದ್ದೆನು.

ಆದುದರಿಂದ ಸೋದರಿಯರಲ್ಲಿಯೂ ಹೆತ್ತವರಲ್ಲಿಯೂ ನನ್ನ ಸಣ್ಣ ವಿಜ್ಞಾಪನೆಯಿದು. ಪ್ರತಿವರುಷವೂ ಶಾಲೆ ತೆರೆದ ಮೊದಲ ವಾರದಲ್ಲಿ, ಯಾವ ಹುಡುಗಿಯು ಎಲ್ಲಿಂದ, ಯಾವ ಬಸ್ಸಿನಲ್ಲಿ, ಎಷ್ಟು ಹಣ ಕೊಟ್ಟು ಬರುವಳೆಂಬುದನ್ನು ತರಗತಿಯ ಉಪಾಧ್ಯಾಯಿನಿಯರು ಹಾಜರಿ ಪುಸ್ತಕದ ಜತೆಗೆ ಬರೆದಿಡಲಿ. ರಿಯಾಯಿತಿಯ ಪಾಸಿನ ಅರ್ಜಿಗಳನ್ನು ಶಾಲೆಯೇ ತುಂಬಿಸಿ ಕೊಡಲಿ. ದರ ಏರಿದ ದಿನ ಆ ಪಟ್ಟಿಯನ್ನು ಮತ್ತೆ ತೆರೆದು ನೋಡಲಿ. ಹಳೆಯ ವಿದ್ಯಾರ್ಥಿನಿಯರಾದ ನಾವು ತಲೆಗೆ ಸ್ವಲ್ಪ ಕೂಡಿಹಾಕಿ, ಏರಿಕೆಯಷ್ಟನ್ನು ಮಾತ್ರ, ಯಾರ ಹೆಸರನ್ನೂ ಸಾರದೆ, ಬೇಕಾದವರಿಗೆ ಸಲ್ಲಿಸೋಣ.

ನನ್ನ ಪಾಲನ್ನು ಈ ಲೇಖನದೊಡನೆಯೇ ಕಳುಹಿಸಿರುವೆನು. ಅದನ್ನು ಅಕ್ಕನ ಹೆಸರಿನಲ್ಲಿ ಜಮೆ ಮಾಡಬೇಕೆಂದು ಕೋರುವೆನು. ಆಕೆಯು ನಮ್ಮ ಶಾಲೆಯಲ್ಲಿ ಒಂಬತ್ತನೆಯ ತರಗತಿಯ ಅರ್ಧದ ವರೆಗೆ ಕಲಿತವಳು. ಆ ಐದು ಪೈಸೆಯ ನಾಣ್ಯವು 2011ರ ಜೂನ್ 30ರಂದು ಚಲಾವಣೆಯಿಂದಲೇ ಹೋಯಿತು. ತಾಯಿಯವರ ಗೆರಸೆಯ ಮೂಲೆಯಲ್ಲಿ ಸಿಕ್ಕಿದ ಒಂದನ್ನು ನಾನು ಈಗಲೂ ಇಟ್ಟುಕೊಂಡಿರುವೆನು.