ತರೀಕೆರೆ ಏರಿ ಮೇಲೆ

ತರೀಕೆರೆ ಅಂದ ಕೂಡಲೇ ಯಾವ ಊರಿನವರಾದರೂ ನಾಲಿಗೆ ಹೊರಳಿಸಲು ಶುರು ಮಾಡುತ್ತಾರೆ. ಕೆರೆ, ಏರಿ, ಕರೀ ಕುರಿಮರಿಗಳ ಆ ಮಾತು ನಮ್ಮ ಕಡೆಯ ಮಕ್ಕಳಿಗೆ ಶಾಲೆಗೆ ಸೇರುವ ಮೊದಲೇ ಬಾಯಿಗೆ ಬಂದಿರುತ್ತದೆ. ಅದೇ ಊರಿನ ನಾಯಕನೊಬ್ಬ ಸರ್ಕಾರದ ಮೇಲೆ ತಿರುಗಿಬಿದ್ದು ನೇಣಿಗೇರಿದ ಎಂಬುದನ್ನು ಮಾತ್ರ ಯಾರೂ ಅಷ್ಟು ಬೇಗ ಹೇಳಿಕೊಡುವುದಿಲ್ಲ.

ದಸರಾ ರಜೆಗೆ ಬೆಂಗಳೂರಿನಿಂದ ಬಂದ ಅಣ್ಣನ ಮಗಳ ಚೀಲದಲ್ಲಿ ಬಟ್ಟೆಗಿಂತ ಪುಸ್ತಕಗಳೇ ಹೆಚ್ಚಿದ್ದವು. ಒಂದೊಂದೂ ಇಟ್ಟಿಗೆ ಗಾತ್ರ, ಮೊದಲ ಪುಟದಲ್ಲೇ ಇಲ್ಲದ ದೇಶದ ಭೂಪಟ. ಕಡೂರು ಸ್ಟೇಷನ್ನಿನಿಂದ ಮನೆ ತಲುಪುವುದರೊಳಗೆ ಕಥೆಯನ್ನೆಲ್ಲ ಒಪ್ಪಿಸಿದಳು: ಸಾವಿಲ್ಲದ ಚಕ್ರವರ್ತಿ, ಬೂದಿ ಸುರಿಯುವ ಆಕಾಶ, ಮಂತ್ರಶಕ್ತಿಯಿಂದ ಸಾಮ್ರಾಜ್ಯವನ್ನೇ ಅಲುಗಾಡಿಸುವ ಒಬ್ಬ ಹುಡುಗಿ. ಕೊನೆಗೆ ಕೇಳಿದಳು, “ಚಿಕ್ಕಪ್ಪಾ, ನಮ್ಮ ಕಡೆ ಇಂಥದ್ದೇನೂ ನಡೆದೇ ಇಲ್ವಾ?”

“ನಡೆದಿದೆ ಕಣೇ. ನಾಳೆ ಹೋಗೋಣ ಬಾ” ಅಂದೆ.

ನಮ್ಮ ಕಥೆಗೂ ಭೂಪಟ ಬೇಕು ಅನ್ನುವವರು ಬೀರೂರು ಜಂಕ್ಷನ್ನಿನಲ್ಲಿ ನಿಂತು ನೋಡಬೇಕು. ಒಂದು ಹಳಿ ತರೀಕೆರೆ ಹಾದು ಶಿವಮೊಗ್ಗದ ಕಡೆ ಹೋಗುತ್ತದೆ, ಇನ್ನೊಂದು ಅಜ್ಜಂಪುರ ಹಾದು ಹುಬ್ಬಳ್ಳಿಯ ಕಡೆ. ಅತ್ತ ಬಾಬಾಬುಡನ್ ಗಿರಿಯ ಕಾಡು, ಇತ್ತ ಹುಲ್ಲಿನ ಕಾವಲು.

ನಾವು ಮೊದಲು ಹೋದದ್ದು ಅಜ್ಜಂಪುರಕ್ಕೆ. ದಂಗೆಯ ಕಥೆಗೂ ದನಕ್ಕೂ ಏನು ಸಂಬಂಧ ಎಂದು ಅವಳಿಗೆ ಅನುಮಾನ. ಅಲ್ಲಿನ ಅಮೃತ ಮಹಲ್ ತಳಿ ಕೇಂದ್ರದ ಬೇಲಿಯಾಚೆ ಬೂದುಬಣ್ಣದ ಹಸುವೊಂದು ತಲೆಯೆತ್ತಿ ನಮ್ಮನ್ನೇ ನೋಡುತ್ತಿತ್ತು. ಕೊಂಬುಗಳು ನೆತ್ತಿಯ ಮೇಲೆ ಒಂದಕ್ಕೊಂದು ತಾಗುವಷ್ಟು ಹತ್ತಿರದಲ್ಲಿ ಹುಟ್ಟಿ, ಹಿಂದಕ್ಕೆ ಬಾಗಿ, ತುದಿಯಲ್ಲಿ ಮತ್ತೆ ಮುಂದಕ್ಕೆ ಚೂಪಾಗಿ ತಿರುಗಿದ್ದವು. ಕರು ಅದರ ಹೊಟ್ಟೆಯಡಿಯಿಂದ ಇಣುಕುತ್ತಿತ್ತು. ನಾವು ಒಂದು ಹೆಜ್ಜೆ ಮುಂದಿಟ್ಟೆವು, ಅದು ಮೂಗಿನಿಂದ ಬುಸ್ ಎಂದಿತು. ನಮ್ಮ ಕಡೆ ದೊಡ್ಡದನ ಎನ್ನುವ ಈ ತಳಿಯೇ ಹಾಗೆ, ಪರಿಚಯವಿಲ್ಲದವರನ್ನು ಹತ್ತಿರ ಬಿಡುವುದಿಲ್ಲ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಈ ದನಗಳನ್ನು ಸಾಕುವ ಇಲಾಖೆಯ ಹೆಸರು ಬೆಣ್ಣೆ ಚಾವಡಿ. ಟಿಪ್ಪು ಅಮೃತ ಮಹಲ್ ಎಂದು ಹೆಸರಿಟ್ಟ. ಈ ತಳಿಯ ಎತ್ತುಗಳು ಹೈದರನ ಫಿರಂಗಿ ಎಳೆದವು, ಟಿಪ್ಪುವಿನ ಫಿರಂಗಿ ಎಳೆದವು, 1799ರಲ್ಲಿ ಟಿಪ್ಪು ಬಿದ್ದ ನಂತರ ಗೆದ್ದವರ ಫಿರಂಗಿಯನ್ನೂ ಎಳೆದವು. ಸಾಮ್ರಾಜ್ಯಕ್ಕೆ ಬೇಕಾದದ್ದು ಮಂತ್ರವಲ್ಲ, ಎಳೆಯುವ ಹೆಗಲು. ಅದನ್ನು ಅವಳು ಕಣ್ಣಾರೆ ನೋಡಲಿ ಎಂದೇ ಕರೆದುಕೊಂಡು ಹೋಗಿದ್ದೆ.

ರೈತರ ಹೆಗಲೂ ಅಂಥದ್ದೇ ಆಗಿತ್ತು. 1799ರ ಒಪ್ಪಂದದಂತೆ ಮೈಸೂರು ಸಂಸ್ಥಾನ ಈಸ್ಟ್ ಇಂಡಿಯಾ ಕಂಪನಿಗೆ ವರ್ಷಕ್ಕೆ 7 ಲಕ್ಷ ವರಹ ಕಟ್ಟಬೇಕಿತ್ತು. ಅದರ ಮೇಲೆ ಅರಮನೆಯ ಖರ್ಚು. ಆಗ ಬಂದದ್ದು ಷರತ್ತು ಪದ್ಧತಿ: ಇಂತಿಷ್ಟು ವಸೂಲಿ ಮಾಡಿಯೇ ತೀರುತ್ತೇನೆಂದು ಅಮಲ್ದಾರ ಬರೆದುಕೊಡಬೇಕು, ಕಡಿಮೆ ಬಿದ್ದರೆ ಕೈಯಿಂದ ತುಂಬಬೇಕು. ಹಾಗೆ ಬರೆದುಕೊಟ್ಟವನು ಯಾರನ್ನು ಹಿಂಡುತ್ತಾನೆ ಎಂದು ಬಿಡಿಸಿ ಹೇಳಬೇಕೆ? 1830ರಲ್ಲಿ ಶಿವಮೊಗ್ಗದ ಕಡೆಯ ನಗರ ಎಂಬ ಸೀಮೆಯ ರೈತರು ಕೂಟ ಕಟ್ಟಿದರು. ಕೂಟ ಎಂಬುದು ಅವರದೇ ಮಾತು. ಊರೂರಿನವರು ಒಂದೆಡೆ ಸೇರುವುದು, ಕಂದಾಯ ಕೊಡೆವು ಎನ್ನುವುದು. ನನಗೆ ಈ ಇಡೀ ಕಥೆಯಲ್ಲಿ ಮೈ ಜುಮ್ಮೆನ್ನಿಸುವ ಪದ ಅದೊಂದೇ. ಅವಳ ಪುಸ್ತಕಗಳಲ್ಲಿ ಮೊದಲು ವೀರ ಹುಟ್ಟುತ್ತಾನೆ, ಜನ ಆಮೇಲೆ ಹಿಂದೆ ಬರುತ್ತಾರೆ. ಇಲ್ಲಿ ಸಿಟ್ಟು ಮೊದಲು ಹೊಲದಲ್ಲಿ ಹುಟ್ಟಿತ್ತು. ನಗರದ ಅರಸರ ವಾರಸುದಾರ ನಾನೇ ಎಂದ ಬೂದಿ ಬಸವಪ್ಪನಿಗೆ ಜನಬಲ ಸಿಕ್ಕಿದ್ದು ಆ ಸಿಟ್ಟಿನಿಂದ. ತರೀಕೆರೆ ಪಾಳೆಯಗಾರರ ಮನೆತನವೂ ದಂಗೆಗೆ ಇಳಿಯಿತು.

ದಂಗೆ ಅಡಗಿಸಲು ಸೈನ್ಯ ಬಂತು. 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವನ್ನೇ ತೆಗೆದುಕೊಂಡ. ಅದು ಮತ್ತೆ ಅರಸರ ಕೈಗೆ ಬಂದದ್ದು 1881ರಲ್ಲಿ, 50 ವರ್ಷದ ಮೇಲೆ. ತರೀಕೆರೆಯ ಸರ್ಜಾ ಹನುಮಪ್ಪ ನಾಯಕ ಮಾತ್ರ ಇನ್ನೂ ಕೆಲಕಾಲ ಸಿಗಲಿಲ್ಲ. 1834ರಲ್ಲಿ ಸಿಕ್ಕ, ಗಲ್ಲಿಗೇರಿಸಿದರು.

ಅಷ್ಟು ಹೇಳುವ ಹೊತ್ತಿಗೆ ನಾವು ತರೀಕೆರೆಯಲ್ಲಿದ್ದೆವು. ಅವಳು ಸುಮಾರು ಹೊತ್ತು ಸುಮ್ಮನಿದ್ದು, “ಹಂಗಾದ್ರೆ ಸೋತ್ರು” ಅಂದಳು.

ಸೋತರು ಎಂದು ಒಪ್ಪಿಕೊಳ್ಳಲು ನನಗೆ ಇಂದಿಗೂ ಮನಸ್ಸು ಬರುವುದಿಲ್ಲ. ಮೈಸೂರು ಗೆಜೆಟಿಯರ್ ಬರೆದ ರೈಸ್ ಸಾಹೇಬರು ಬರೆದಿಟ್ಟಿದ್ದಾರೆ: ಕಮಿಷನರುಗಳ ಆಡಳಿತ ಬಂದ ಮೇಲೆ 769 ಬಗೆಯ ಚಿಲ್ಲರೆ ತೆರಿಗೆಗಳನ್ನು ತೆಗೆದುಹಾಕಿದರು. ಎಂಥ ತೆರಿಗೆಗಳು ಅವು! ಮದುವೆಯಾದರೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಹೆಸರಿಟ್ಟರೆ ತೆರಿಗೆ, ತಲೆಗೂದಲು ತೆಗೆಸಿದರೆ ತೆರಿಗೆ. ಒಂದೂರಿನವರು ತೆರಿಗೆ ಕಟ್ಟುತ್ತಿದ್ದದ್ದು ಏಕೆಂದರೆ ಯಾವುದೋ ಕಾಲದಲ್ಲಿ ಪಾಳೆಯಗಾರನೊಬ್ಬನ ಕುದುರೆ ತಪ್ಪಿಸಿಕೊಂಡಿತ್ತು, ಇವರ ಹಿರಿಯರಿಗೆ ಅದು ಸಿಕ್ಕಿರಲಿಲ್ಲ. ಪಾಳೆಯಗಾರರೆಲ್ಲ ದೇವರಂಥವರು ಎಂದು ನಾನು ಅವಳಿಗೆ ಹೇಳದೇ ಇದ್ದದ್ದು ಈ ಕುದುರೆಯ ನೆನಪಿನಿಂದ. ನೇಣು ಬಿದ್ದದ್ದು ನಾಯಕನಿಗೆ, ಹೊರೆ ಇಳಿದದ್ದು ಹೆಸರು ಕೂಡ ಉಳಿಯದ ಮನೆಗಳಿಂದ. ಆ ಮನೆಗಳವರು ಕೂಟಕ್ಕೆ ನಡೆದು ಬಂದಿರದಿದ್ದರೆ ಅವರ ಗೋಳು ಯಾರ ಕಿವಿಗೂ ಬೀಳುತ್ತಿರಲಿಲ್ಲ ಎಂದೇ ನಾನು ನಂಬಿದ್ದೇನೆ.

“ಇನ್ನೂ ಒಂದಿದೆ” ಅಂದೆ. “ನಗರದಲ್ಲಿ ಒಂದು ಜಾಗ. ಅದನ್ನು ದಾಟುವಾಗ ಎರಡೂ ಕೈ ಮೈಗೆ ಅಂಟಿಸಿಕೊಂಡು ನಡೀಬೇಕಿತ್ತು. ಕೈ ಬೀಸಿದ್ರೆ ತೆರಿಗೆ.”

“ಸುಳ್ಳು!”

“ನಿಜ ಕಣೇ.”

ಸಂಜೆಯಾಗಿತ್ತು. ಕೆರೆಯ ಕಡೆಯಿಂದ ತಣ್ಣನೆ ಗಾಳಿ ಬರುತ್ತಿತ್ತು. ಅವಳು ಪುಸ್ತಕವನ್ನು ನನ್ನ ಕೈಗೆ ಕೊಟ್ಟಳು. ಕೈಗಳನ್ನು ತೊಡೆಗೆ ಒತ್ತಿಕೊಂಡು ಹತ್ತು ಹೆಜ್ಜೆ ನಡೆದು ನೋಡಿದಳು. ಆಮೇಲೆ ಎರಡೂ ಕೈಗಳನ್ನು ಭುಜದೆತ್ತರಕ್ಕೆ ಬೀಸುತ್ತಾ ಏರಿಯ ಆ ತುದಿಯವರೆಗೂ ಹೋದಳು.