ಉಳಿ ಹಿಡಿದ ಮೇಲೆ

ಮರ ಕೆತ್ತುವುದನ್ನು ಕಲಿಯಲು ಹೊರಟವರು ಮೊದಲು ಹುಡುಕುವುದು ಉಳಿಗಳ ಸೆಟ್ಟನ್ನು. ಆನ್‌ಲೈನಿನಲ್ಲಿ ಹನ್ನೆರಡು ಉಳಿಗಳ ಪೆಟ್ಟಿಗೆ ಸಿಗುತ್ತದೆ, ಹಿಡಿಗಳಿಗೆ ಚೆಂದದ ಪಾಲಿಶ್ ಇರುತ್ತದೆ. ನಾನೂ ಅದನ್ನೇ ನೋಡುತ್ತಿದ್ದೆ. ಅಪ್ಪ ಮೊಬೈಲಿನತ್ತ ಬಗ್ಗಿ ನೋಡಿ, "ಹನ್ನೆರಡು ಯಾಕೆ? ಎರಡು ಸಾಕು. ಆ ಎರಡನ್ನ ಹರಿತ ಇಟ್ಕೊಳ್ಳೋದು ಕಲಿ ಮೊದ್ಲು" ಎಂದ. ಉಳಿಯ ಬಗ್ಗೆ ಅವನು ನನಗೆ ಹೇಳಿದ ಮೊದಲ ಮಾತು ಅದು. ನನಗಾಗ ಇಪ್ಪತ್ತೆಂಟು ವರ್ಷ.

ಅಪ್ಪ ಬಡಗಿ. ಸಾಗರ ಸೀಮೆಯ ಹಳ್ಳಿಗಳಲ್ಲಿ ನಲವತ್ತು ವರ್ಷ ಬಾಗಿಲು, ಕಿಟಕಿ, ಮಂಚ, ದೇವರ ಮಂಟಪ ಮಾಡಿದವನು. ರೆಡಿಮೇಡ್ ಬಾಗಿಲುಗಳು ಲಾರಿಯಲ್ಲಿ ಬಂದಿಳಿಯತೊಡಗಿದ ಮೇಲೆ ಕೆಲಸ ಕಡಿಮೆಯಾಯಿತು. ಅದಕ್ಕೂ ಬಹಳ ಮೊದಲೇ ಅವನು ಒಂದು ತೀರ್ಮಾನ ಮಾಡಿದ್ದ. ಅಣ್ಣನನ್ನು ಉಳಿಯ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. "ಬೆನ್ನು ಬಗ್ಗಿಸೋದು ನನ್ನ ತಲೆಗೇ ಮುಗೀಲಿ, ನೀನು ಓದು" ಎನ್ನುತ್ತಿದ್ದ. ಅಣ್ಣ ಓದಿದ, ಬೆಂಗಳೂರಿಗೆ ಹೋದ. ನನ್ನನ್ನು ತಡೆಯುವ ಪ್ರಸಂಗವೇ ಬರಲಿಲ್ಲ. ಹುಡುಗಿಯೊಬ್ಬಳು ಉಳಿ ಕೇಳಬಹುದು ಎಂದು ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ, ನನಗೂ ಕೂಡ.

ಹೊಳೆದದ್ದು ಸಂಶೋಧನೆಯ ದೆಸೆಯಿಂದ. ನನ್ನ ಪಿಎಚ್‌ಡಿಯ ವಿಷಯ ಹೊಯ್ಸಳ ಶಿಲ್ಪಿಗಳ ಸಹಿಗಳು. ಬೇಲೂರಿನ ಚೆನ್ನಕೇಶವ ದೇವಾಲಯ 1117ರದು. ಅಲ್ಲಿನ ಮದನಿಕೆಗಳಲ್ಲಿ ಬಳ್ಳಿಗಾವಿಯ ದಾಸೋಜ ಮತ್ತು ಅವನ ಮಗ ಚಾವಣನ ಹೆಸರುಗಳಿವೆ. 1258ರ ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಕಾಣುತ್ತದೆ. ಬಳ್ಳಿಗಾವಿ ನಮ್ಮ ಜಿಲ್ಲೆಯದೇ. ಮೂರು ವರ್ಷ ಈ ಹೆಸರುಗಳನ್ನು ಶಾಸನ ಸಂಪುಟಗಳಲ್ಲಿ, ಫೋಟೋಗಳಲ್ಲಿ ಓದಿದೆ. ಅಕ್ಷರ ಕೊರೆಯುವಾಗ ಕೈ ಏನು ಮಾಡುತ್ತದೆ ಎಂಬುದನ್ನು ಬರೆಯಬೇಕಾದ ಅಧ್ಯಾಯ ಬಂದಾಗ ಮಾತ್ರ ಪುಸ್ತಕಗಳು ಸಾಲಲಿಲ್ಲ. ಕಲ್ಲು ನನ್ನ ಕೈಲಾಗದ ಮಾತು. ಮನೆಯಲ್ಲಿ ಮರವಿತ್ತು, ಅಪ್ಪ ಇದ್ದ.

"ಥೀಸಿಸ್ ಬರೆಯೋದು ಬಿಟ್ಟು ಇದೆಲ್ಲ ಯಾಕೆ ಮಾರಾಯ್ತಿ?" ಎಂದ ಅಪ್ಪನ ದನಿಯಲ್ಲಿ ತಮಾಷೆ ಇರಲಿಲ್ಲ. ನಗರಗಳಲ್ಲಿ ಈಗ ಮರಗೆತ್ತನೆ ಒಂದು ಹವ್ಯಾಸ. ಒತ್ತಡ ಕಳೆಯಲೆಂದು ಶನಿವಾರ ಭಾನುವಾರ ಕಾರ್ಯಾಗಾರಕ್ಕೆ ಹೋಗುವವರಿದ್ದಾರೆ. ಅಪ್ಪನಿಗೆ ಅದು ಅನ್ನ, ಸೊಂಟನೋವು, ಬಾಕಿ ಉಳಿದ ಕೂಲಿ. ಮಕ್ಕಳನ್ನು ಯಾವುದರಿಂದ ಪಾರುಮಾಡಲು ದುಡಿದನೋ ಅದನ್ನೇ ಹುಡುಕಿಕೊಂಡು ಮಗಳು ಫೆಲೋಶಿಪ್ ದುಡ್ಡಿನಲ್ಲಿ ಸಾಣೆಕಲ್ಲು ಕೊಂಡು ತಂದಿದ್ದಳು. ಅವನ ಪ್ರಶ್ನೆಗೆ ಆಗ ನನ್ನಲ್ಲಿ ಉತ್ತರವಿರಲಿಲ್ಲ. ಈಗಲೂ ಪೂರ್ತಿ ಇಲ್ಲ.

ಮೊದಲ ವಾರವೆಲ್ಲ ಸಾಣೆ. ಕಲ್ಲಿಗೆ ನೀರು ಹಾಕಿ, ಉಳಿಯ ಇಳಿಜಾರು ಬಾಯಿಯನ್ನು ಅದೇ ಓರೆಯಲ್ಲಿ ಇಟ್ಟು ತಿಕ್ಕಬೇಕು. ಓರೆ ಒಮ್ಮೆ ಹೆಚ್ಚು ಒಮ್ಮೆ ಕಡಿಮೆಯಾದರೆ ಬಾಯಿ ಉರುಟಾಗುತ್ತದೆ. ಹರಿತವಾಯಿತೋ ಇಲ್ಲವೋ ನೋಡಲು ಅಪ್ಪ ಉಳಿಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಹಗುರಾಗಿ ಇಡುತ್ತಾನೆ. ಜಾರಿದರೆ ಮೊಂಡು, ಕಚ್ಚಿ ನಿಂತರೆ ಹರಿತ. ಕೈ ಕುಯ್ಯುವುದು ಹೆಚ್ಚಾಗಿ ಮೊಂಡು ಉಳಿಯೇ, ಏಕೆಂದರೆ ಅದಕ್ಕೆ ಬಲ ಜಾಸ್ತಿ ಹಾಕುತ್ತೇವೆ, ಬಲ ಹಾಕಿದಾಗ ಉಳಿ ಹಿಡಿತ ತಪ್ಪುತ್ತದೆ. ಎಡಗೈ ಯಾವತ್ತೂ ಉಳಿಯ ಬಾಯಿಯ ಮುಂದೆ ಬರಕೂಡದು, ಹಲಗೆಯನ್ನು ಕ್ಲಾಂಪಿನಲ್ಲಿ ಬಿಗಿದೇ ಕೂರಬೇಕು. ಈ ಎರಡು ಮಾತುಗಳಲ್ಲಿ ಅಪ್ಪ ರಿಯಾಯಿತಿ ತೋರಲಿಲ್ಲ.

ಆಮೇಲೆ ಮರ. ಸಾಗರ, ಸೊರಬದ ಗುಡಿಗಾರರ ಗಂಧದ ಕೆತ್ತನೆ ನೋಡಿ ಬೆಳೆದವಳಾದ್ದರಿಂದ ಕೆತ್ತನೆಯೆಂದರೆ ಶ್ರೀಗಂಧವೇ ಎಂದುಕೊಂಡಿದ್ದೆ. ಕಲಿಯುವವರ ಕೈಗೆ ಎಟುಕುವ ಮರವಲ್ಲ ಅದು. ಬೀಟೆ ಗಟ್ಟಿ. ಚನ್ನಪಟ್ಟಣದ ಬೊಂಬೆಗೆ ಬಳಸುವ ಹಾಲೆ ಮರ ಮೆತ್ತಗಿರುತ್ತದೆ, ನಮ್ಮ ಕಡೆಯ ಶಿವನೆಯೂ ಹಾಗೆಯೇ. ಅಪ್ಪ ಅಟ್ಟದಿಂದ ಶಿವನೆಯ ತುಂಡೊಂದನ್ನು ಇಳಿಸಿ, ಹತ್ತರಿ ಹಾಕಿ ನುಣುಪು ಮಾಡಿ ಕೊಟ್ಟ. "ಎಳೆ ಯಾವ ಕಡೆ ಹೋಗಿದೆ ನೋಡು. ಅದನ್ನ ಕೇಳ್ದೆ ಉಳಿ ಇಡಬೇಡ."

ಎಳೆಯ ಹಾದಿಯಲ್ಲಿ ಹೋದರೆ ಚಕ್ಕೆ ಸುರುಳಿಯಾಗಿ ಏಳುತ್ತದೆ. ಎದುರು ಹೋದರೆ ಮರ ಸಿಬಿರೆದ್ದು ಉಳಿ ಆಳಕ್ಕೆ ನುಗ್ಗುತ್ತದೆ. ನೇರ ಗೆರೆಯಾದರೆ ಇದು ಸುಲಭ. ನನಗೆ ಅಕ್ಷರ ಬೇಕಿತ್ತು, ಕನ್ನಡದ ಅಕ್ಷರಗಳು ದುಂಡಗೆ. ತಾಳೆಗರಿಯ ಎಳೆ ಸೀಳಬಾರದೆಂದೇ ನಮ್ಮ ಲಿಪಿಗಳು ದುಂಡಾದವು ಎನ್ನುತ್ತಾರೆ. ಗರಿಯಲ್ಲಿ ಉಪಕಾರ ಮಾಡಿದ ಆ ದುಂಡು ಮರದಲ್ಲಿ ಕಾಡುತ್ತದೆ. ಒಂದು ಸೊನ್ನೆಯನ್ನೇ ತೆಗೆದುಕೊಳ್ಳಿ. ಸುತ್ತು ಬರುವಾಗ ಎಳೆ ಒಮ್ಮೆ ಜೊತೆಗಿರುತ್ತದೆ, ಒಮ್ಮೆ ಅಡ್ಡ, ಒಮ್ಮೆ ಎದುರು. ವೃತ್ತವನ್ನು ನಾಲ್ಕು ಪಾಲು ಮಾಡಿ ಪ್ರತಿ ಪಾಲಿಗೂ ಉಳಿಯ ದಿಕ್ಕು ಬದಲಿಸಬೇಕು. ತೋಡಿಗೆ ಒಳಗೋಡೆ, ಹೊರಗೋಡೆ ಎಂದು ಎರಡಿವೆ, ಒಂದಕ್ಕೆ ಸರಿಬಂದ ದಿಕ್ಕು ಇನ್ನೊಂದಕ್ಕೆ ಉಲ್ಟಾ. ಪೆನ್ನಿನಲ್ಲಿ ಕ್ಷಣದಲ್ಲಿ ಮುಗಿಯುವ ಸೊನ್ನೆ ಮರದಲ್ಲಿ ಎಂಟು ಬೇರೆ ಬೇರೆ ಕೆಲಸ. ನನ್ನ ಮೊದಲ ಸೊನ್ನೆಗೆ ಒಂದು ಮಧ್ಯಾಹ್ನ ಪೂರ್ತಿ ಹಿಡಿಯಿತು.

ಬೇಲೂರಿನ ಬಳಪದ ಕಲ್ಲಿನಲ್ಲಿ ಮರದಂಥ ಎಳೆಯ ಕಾಟವಿಲ್ಲ, ನಿಜ. ಆದರೂ ಆ ಮಧ್ಯಾಹ್ನದ ನಂತರ ದಾಸೋಜನ ಸಹಿಯನ್ನು ನಾನು ಬೇರೆ ಥರ ಓದತೊಡಗಿದೆ. ಅಲ್ಲಿಯವರೆಗೆ ಅದು ಹೆಸರು, ಊರು, ಬಿರುದುಗಳ ಮಾಹಿತಿಯಾಗಿತ್ತು. ಈಗ ಅದು ಸಮಯವಾಗಿಯೂ ಕಾಣುತ್ತದೆ. ಒಂದೊಂದು ಅಕ್ಷರಕ್ಕೂ ಇಷ್ಟು ಹೊತ್ತು ಬೇಕು. ಆ ಹೊತ್ತನ್ನು ಶಿಲ್ಪಿ ತನ್ನ ಹೆಸರಿಗಾಗಿ ಬಳಸಬಹುದು ಎಂದು ಯಾರೋ ಒಪ್ಪಿರಬೇಕು. ಮರದವರಿಗೆ ಅಂಥ ಒಪ್ಪಿಗೆ ಸಿಕ್ಕಿತ್ತೇ? ಸಿಕ್ಕಿದ್ದರೂ ಮಳೆ, ಗೆದ್ದಲುಗಳು ಅದನ್ನು ಉಳಿಸಿರಲಾರವು.

ಅಪ್ಪನನ್ನು ಕೇಳಿದೆ, "ನೀನು ಮಾಡಿದ ಬಾಗಿಲಲ್ಲಿ ಎಲ್ಲಾದ್ರೂ ಹೆಸರು ಹಾಕಿದ್ದೀಯಾ?"

"ಬಾಗಿಲು ಅವ್ರದ್ದು. ಹೆಸರು ನಂದು ಹಾಕಿದ್ರೆ ಸುಮ್ನಿರ್ತಾರಾ?" ಎಂದು ನಕ್ಕ. ಸ್ವಲ್ಪ ಹೊತ್ತಿನ ಮೇಲೆ ತಾನೇ ಎದ್ದು ಹೋಗಿ, ಕೊಟ್ಟಿಗೆಯಲ್ಲಿ ಬಿದ್ದಿದ್ದ ಹಳೆಯ ಕಿಟಕಿ ಚೌಕಟ್ಟೊಂದನ್ನು ತಂದು ಕೊಡತಿಯಿಂದ ಮೂಲೆಗೆ ಎರಡೇಟು ಹಾಕಿದ. ಸಂದು ಬಿಟ್ಟುಕೊಂಡಿತು. ಒಂದು ಮರದ ತುದಿ ಇನ್ನೊಂದರ ತೂತಿನಲ್ಲಿ ಕೂರುವ ಆ ಜಾಗದಲ್ಲಿ, ಎರಡೂ ತುಂಡುಗಳ ಮೇಲೆ, ಉಳಿಯ ಮೂರು ಸಣ್ಣ ಗೀರುಗಳಿದ್ದವು.

"ಮೂರು ಗೀರಿನ ತುದಿ ಮೂರು ಗೀರಿನ ತೂತಿಗೆ. ಅದಲು ಬದಲು ಆಗ್ಬಾರ್ದು ಅಂತ."

ಅದು ಹೆಸರಲ್ಲ, ಲೆಕ್ಕ. ಕೂಡಿಸಿದ ಮೇಲೆ ಮನೆಯವರಿಗೂ ಕಾಣುವುದಿಲ್ಲ. ನಲವತ್ತು ವರ್ಷದಲ್ಲಿ ನಮ್ಮ ಸೀಮೆಯ ಎಷ್ಟೋ ಮನೆಗಳ ಬಾಗಿಲುಗಳೊಳಗೆ ಅಪ್ಪನ ಕೈ ಹೀಗೆ ಕೂತಿದೆ, ಮುರಿದರೆ ಮಾತ್ರ ಓದಲು ಸಿಗುವಂತೆ. ಸಹಿಗಳ ಬಗ್ಗೆ ಬರೆಯುವವಳು ಇದನ್ನು ಬಿಟ್ಟು ಬರೆಯುವುದು ಹೇಗೆ ಎನ್ನಿಸಿತು.

"ಇದನ್ನ ಥೀಸಿಸಲ್ಲಿ ಹಾಕ್ಲಾ ಅಪ್ಪಾ?"

ಅವನು ಚೌಕಟ್ಟನ್ನು ತಿರುಗಿಸಿ ನೋಡಿ ಸಂದನ್ನು ಮತ್ತೆ ಕೂಡಿಸಿದ. "ಹಾಕು. ಆದ್ರೆ ಅಳತೆ ಸರಿಯಾಗಿ ಬರಿ."